ಐದು ಸ್ವರದಲ್ಲಿ ಮಕ್ಕಳೇ ಸಂಗೀತ ಕಟ್ಟುವುದು: ಚೀನೀ ಪರಂಪರೆ ಪ್ರೈಮರಿ ಕ್ಲಾಸಿಗೆ ಬಂದಾಗ

ಚೀನೀ ಹೊಸ ವರ್ಷ ಪ್ರತಿ ವರ್ಷ ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಬರುತ್ತದೆ. ಆ ಹೊತ್ತಿಗೆ ಇಂಗ್ಲೆಂಡಿನ ಎಷ್ಟೋ ಪ್ರೈಮರಿ ಶಾಲೆಗಳು ಮ್ಯೂಸಿಕ್ ಪಿರಿಯಡ್ಡಿನಲ್ಲಿ ಚೀನೀ ಸಂಗೀತ ಕೈಗೆತ್ತಿಕೊಳ್ಳುತ್ತವೆ. ಸುಮ್ನೆ ಕೇಳಿಸಿ ಬಿಡುವುದಿಲ್ಲ. ಎಂಟು-ಒಂಬತ್ತು ವರ್ಷದ ಮಕ್ಕಳ ಕೈಲಿ ಆ ಪರಂಪರೆಯ ದಾರಿಯಲ್ಲಿ ಸ್ವಂತ ಸಂಗೀತ ಕಟ್ಟಿಸುತ್ತವೆ. ಅಲ್ಲಿರುವ ಕನ್ನಡದ ಮನೆಗಳಲ್ಲಿ, ಅದರಲ್ಲೂ ಮಗು ವಾರಕ್ಕೊಮ್ಮೆ ಸರಳೆ ವರಸೆ ಕಲಿಯುವ ಮನೆಗಳಲ್ಲಿ, ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಕಲಿಯುವುದು ಮೊದಲು, ಕಟ್ಟುವುದು ಎಷ್ಟೋ ವರ್ಷ ಆದಮೇಲೆ. ನೊಟೇಶನ್ನೇ ಗೊತ್ತಿಲ್ಲದ ಮಗು ಕಂಪೋಸ್ ಮಾಡುವುದು ಹೇಗೆ? ಅದಕ್ಕೆ ಚೀನಾದ ಸಂಗೀತವೇ ಯಾಕೆ?

ಕಾರಣ ಇದೆ. ಚೀನೀ ಪರಂಪರೆಯಲ್ಲಿ ಸಂಗೀತ ಕಟ್ಟುವ ಕೆಲವು ಉಪಾಯಗಳು ಬಹಳ ಸರಳ, ಅದೇ ಸಮಯಕ್ಕೆ ಬಹಳ ಆಳ. ಮಗುವಿಗೂ ಕೈಗೆಟುಕುತ್ತವೆ, ದೊಡ್ಡ ಕಲಾವಿದರೂ ಜೀವನಪೂರ್ತಿ ಅವನ್ನೇ ಬಳಸುತ್ತಾರೆ.

## ಇಲ್ಲಿ ಕಂಪೋಸ್ ಅಂದರೆ ಏನು

ನಮ್ಮ ಸಂಗೀತದಲ್ಲಿ ಕಲ್ಪಿತ, ಕಲ್ಪನಾ ಅಂತ ಎರಡು ಮಾತುಗಳಿವೆ. ಮೊದಲೇ ಕಟ್ಟಿಟ್ಟದ್ದು ಕಲ್ಪಿತ, ಹಾಡುತ್ತಾ ಹಾಡುತ್ತಾ ಹುಟ್ಟುವುದು ಕಲ್ಪನಾ. ಶಾಲೆಯಲ್ಲೂ ಇದೇ ಎರಡು ಕೆಲಸ ನಡೆಯುತ್ತದೆ. ಮಗು ಮೊದಲು ಮನಸ್ಸಿಗೆ ಬಂದದ್ದು ನುಡಿಸುತ್ತದೆ. ಅದರಲ್ಲಿ ಇಷ್ಟವಾದ ತುಣುಕನ್ನು ಹಿಡಿದಿಟ್ಟುಕೊಂಡು, ನಾಳೆ ಕೇಳಿದರೂ ಹಾಗೇ ನುಡಿಸುವಷ್ಟು ಗಟ್ಟಿ ಮಾಡಿಕೊಳ್ಳುತ್ತದೆ. ಅಲ್ಲಿಗೆ ಅದು ಕಂಪೋಸಿಶನ್ ಆಯಿತು. ಯಾವ ಸ್ವರ ಮೊದಲು, ಯಾವುದನ್ನು ಎಷ್ಟು ಸಲ, ಎಲ್ಲಿ ಸುಮ್ಮನಿರಬೇಕು, ಎಲ್ಲಿ ನಿಲ್ಲಿಸಬೇಕು, ಇವನ್ನೆಲ್ಲ ತಾನೇ ತೀರ್ಮಾನಿಸುವುದೇ ಇಲ್ಲಿ ಮುಖ್ಯ. ಪಾಶ್ಚಾತ್ಯ ನೊಟೇಶನ್ನಿನಂತೆ ಐದು ಗೆರೆಯ ಮೇಲೆ ಚುಕ್ಕಿ ಬರೆಯಲು ಬರಲೇಬೇಕು ಅಂತೇನಿಲ್ಲ.

ಇಂಗ್ಲೆಂಡಿನಲ್ಲಿ 2014ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮ 7ರಿಂದ 11 ವರ್ಷದ ಮಕ್ಕಳು ಸಂಗೀತ ಕಟ್ಟಬೇಕು ಅಂತ ಸ್ಪಷ್ಟವಾಗಿ ಹೇಳುತ್ತದೆ. ಹಾಂಗ್‌ಕಾಂಗ್‌ನ 2003ರ ಸಂಗೀತ ಪಠ್ಯಕ್ರಮ ಮಾರ್ಗದರ್ಶಿಯೂ ಕೇಳುವುದು, ನುಡಿಸುವುದು, ಕಟ್ಟುವುದು ಮೂರನ್ನೂ ಒಟ್ಟಿಗೆ ಇಡುತ್ತದೆ. ಚೀನಾ 2022ರಲ್ಲಿ ಹೊರತಂದ ಶಾಲಾ ಕಲಾ ಪಠ್ಯಕ್ರಮದಲ್ಲೂ ಸೃಷ್ಟಿಗೆ ತನ್ನದೇ ಜಾಗ ಇದೆ. ಅಂದರೆ ಇದು ಯಾರೋ ಒಬ್ಬ ಟೀಚರಿನ ಹೊಸ ಪ್ರಯೋಗ ಅಲ್ಲ.

## ಐದೇ ಸ್ವರ ಯಾಕೆ

ಚೀನೀ ಸಂಗೀತದ ಅಡಿಪಾಯದಲ್ಲಿ ಐದು ಸ್ವರಗಳಿವೆ. ಗೋಂಗ್, ಶಾಂಗ್, ಜುಯೆ, ಝಿ, ಯೂ ಅಂತ ಅವುಗಳ ಹೆಸರು. ನಮ್ಮ ಲೆಕ್ಕದಲ್ಲಿ ಸ, ರಿ, ಗ, ಪ, ದ. ಮ ಇಲ್ಲ, ನಿ ಇಲ್ಲ. ಹೌದು, ಇದು ಮೋಹನ ರಾಗದ ಸ್ವರಗಳು. ಮಗು ಮನೆಯಲ್ಲಿ ಮೋಹನದ ಗೀತೆ ಕಲಿತಿದ್ದರೆ ಕ್ಲಾಸಿನಲ್ಲಿ ಈ ಸ್ವರ ಕೇಳಿದ ತಕ್ಷಣ ಅದರ ಕಿವಿ ನೆಟ್ಟಗಾಗುತ್ತದೆ. ಸ್ವರಗಳು ಒಂದೇ ಆದರೂ ಗಮಕ, ಜೀವಸ್ವರ, ಸಂಚಾರ ಎಲ್ಲ ಸೇರಿ ಮೋಹನ ಬೇರೆಯೇ ಒಂದು ಲೋಕ. ಅದನ್ನು ಮಗುವಿಗೂ ಹೇಳಬೇಕು.

ಈ ಐದನ್ನು ಆರಿಸಿದ್ದು ಹೇಗೆ ಅನ್ನುವುದಕ್ಕೆ ಹಳೆಯ ಚೀನೀ ಗ್ರಂಥ 'ಗ್ವಾನ್‌ಝಿ' ಒಂದು ಚಂದದ ಲೆಕ್ಕ ಕೊಡುತ್ತದೆ. 81 ಭಾಗ ಉದ್ದದ ತಂತಿಯಿಂದ ಶುರು ಮಾಡಿ. ಅದಕ್ಕೆ ಮೂರನೇ ಒಂದು ಪಾಲು ಸೇರಿಸಿದರೆ 108. ಅದರಿಂದ ಮೂರನೇ ಒಂದು ಪಾಲು ತೆಗೆದರೆ 72. ಮತ್ತೆ ಸೇರಿಸಿದರೆ 96, ಮತ್ತೆ ತೆಗೆದರೆ 64. ಐದು ಉದ್ದ ಸಿಕ್ಕಿತು, ಐದು ಸ್ವರವೂ ಸಿಕ್ಕಿತು. ಉದ್ದದಿಂದ ಗಿಡ್ಡಕ್ಕೆ ಜೋಡಿಸಿ ಮೀಟಿದರೆ ಕೆಳಗಿನ ಪ, ಕೆಳಗಿನ ದ, ಸ, ರಿ, ಗ ಬರುತ್ತದೆ. ನಾಲ್ಕು-ಐದನೇ ಕ್ಲಾಸಿನ ಭಿನ್ನರಾಶಿ ಗೊತ್ತಿದ್ದರೆ ಇಷ್ಟು ಲೆಕ್ಕ ಮಕ್ಕಳೇ ಮಾಡುತ್ತಾರೆ. ಭಿನ್ನರಾಶಿ ಕಿವಿಗೆ ಕೇಳಿಸುವ ಕ್ಲಾಸು ಬೇರೆ ಎಲ್ಲಿ ಸಿಗುತ್ತದೆ!

ಕಲಿಸುವವರ ದೃಷ್ಟಿಯಿಂದ ಈ ಸ್ವರಗಳಿಗೆ ಇನ್ನೊಂದು ಅನುಕೂಲ ಇದೆ. ಕಿವಿಗೆ ತೀರಾ ಒರಟಾಗಿ ತಾಗುವುದು ಅಕ್ಕಪಕ್ಕದ ಅರ್ಧ ಸ್ವರಗಳು ಒಟ್ಟಿಗೆ ಮೊಳಗಿದಾಗ. ಪಿಯಾನೋದಲ್ಲಿ ಒಂದು ಬಿಳಿ ಕೀ ಮತ್ತು ಅದಕ್ಕೆ ತಾಗಿದ ಕಪ್ಪು ಕೀ ಒಟ್ಟಿಗೆ ಒತ್ತಿದರೆ ಗೊತ್ತಾಗುತ್ತದೆ. ಈ ಐದು ಸ್ವರಗಳಲ್ಲಿ ಅಂಥ ಜೋಡಿಯೇ ಇಲ್ಲ. ಮೂವತ್ತು ಮಕ್ಕಳು ಒಟ್ಟಿಗೆ ನುಡಿಸಿದರೂ, ಯಾರು ಯಾವ ಸ್ವರದ ಮೇಲಿದ್ದರೂ ಕಿರಿಕಿರಿ ಆಗುವುದಿಲ್ಲ. ಜರ್ಮನಿಯ ಕಾರ್ಲ್ ಓರ್ಫ್ ಮಕ್ಕಳಿಗಾಗಿ ರೂಪಿಸಿದ ಪದ್ಧತಿಯಲ್ಲೂ ಇದೇ ಕಾರಣಕ್ಕೆ ಐದು ಸ್ವರದಿಂದ ಶುರು ಮಾಡುತ್ತಾರೆ. ಅಲ್ಲಿನ ಪುಟ್ಟ ಕ್ಸೈಲೋಫೋನಿನಲ್ಲಿ (ಸುತ್ತಿಗೆಯಿಂದ ಬಡಿದು ನುಡಿಸುವ ಪಟ್ಟಿಗಳ ವಾದ್ಯ) ಎಫ್ ಮತ್ತು ಬಿ ಪಟ್ಟಿಗಳನ್ನು ಎತ್ತಿ ಪಕ್ಕಕ್ಕಿಡಬಹುದು. ಉಳಿದದ್ದು ಸಿ, ಡಿ, ಇ, ಜಿ, ಎ, ಅಂದರೆ ನಮ್ಮ ಸ, ರಿ, ಗ, ಪ, ದ.

ರಂಗೋಲಿಯಲ್ಲಿ ಚುಕ್ಕಿ ಮೊದಲೇ ಇಟ್ಟಿರುತ್ತಾರೆ, ಗೆರೆ ಮಾತ್ರ ನಮ್ಮದು. ಐದು ಸ್ವರ ಮಗುವಿಗೆ ಆ ಚುಕ್ಕಿಗಳ ಥರ. ಖಾಲಿ ನೆಲದ ಮುಂದೆ ಕೈ ಓಡದ ಮಗು ಕೂಡ ಚುಕ್ಕಿ ಕಂಡರೆ ಗೆರೆ ಎಳೆಯಲು ಶುರು ಮಾಡುತ್ತದೆ.

## ಮನೆ ಸ್ವರ ಬದಲಾದರೆ

ಮುಂದಿನ ಹೆಜ್ಜೆ ಪ್ರಶ್ನೆ-ಉತ್ತರ. ಒಂದು ಮಗು ನಾಲ್ಕು ಹೊಡೆತದ ಸಾಲು ನುಡಿಸುತ್ತದೆ. ಆದರೆ ಮನೆ ಸ್ವರಕ್ಕೆ, ಅಂದರೆ ಆಧಾರ ಸ್ವರಕ್ಕೆ, ಬಂದು ನಿಲ್ಲುವುದಿಲ್ಲ. ಅದು ಪ್ರಶ್ನೆ. ಪಕ್ಕದ ಮಗು ಇನ್ನೊಂದು ಸಾಲು ನುಡಿಸಿ ಮನೆಗೆ ಬಂದು ನಿಲ್ಲುತ್ತದೆ. ಅದು ಉತ್ತರ. ಎರಡು ಮಕ್ಕಳ ನಡುವೆ ಪುಟ್ಟ ಮಟ್ಟು ತಯಾರು.

ಈಗ ಮನೆಯನ್ನೇ ಬದಲಿಸಿ. ಅವೇ ಐದು ಪಟ್ಟಿ, ಆದರೆ ಸಿ ಬದಲು ಎ ಮೇಲೆ ಮುಗಿಸಿ ಅಂತ ಹೇಳಿದರೆ ಸಂಗೀತದ ಮುಖವೇ ಬದಲಾಗುತ್ತದೆ. ಚೀನೀ ಪದ್ಧತಿಯಲ್ಲಿ ಐದರಲ್ಲಿ ಯಾವ ಸ್ವರ ಬೇಕಾದರೂ ಮನೆಯಾಗಬಹುದು. ಹಾಗಾಗಿ ಒಂದೇ ಗುಂಪಿನಿಂದ ಐದು ಬಗೆಯ ಭಾವ ಹುಟ್ಟುತ್ತದೆ. ನಮ್ಮಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಮೋಹನದ ರಿ-ಯನ್ನು ಸ ಮಾಡಿಕೊಂಡರೆ ಮಧ್ಯಮಾವತಿ, ಗ-ದಿಂದ ಹಿಂದೋಳ, ಪ-ದಿಂದ ಶುದ್ಧ ಸಾವೇರಿ, ದ-ದಿಂದ ಶುದ್ಧ ಧನ್ಯಾಸಿಯ ಸ್ವರಗಳು ಸಿಗುತ್ತವೆ. ಎರಡು ಪರಂಪರೆಗಳೂ ಇದೇ ಐದು ಬಾಗಿಲುಗಳನ್ನು ತಮ್ಮ ತಮ್ಮ ದಾರಿಯಲ್ಲಿ ತೆರೆದಿವೆ. ನನಗಂತೂ ಇಡೀ ವಿಷಯದಲ್ಲಿ ಅತಿ ಖುಷಿ ಕೊಡುವ ಭಾಗ ಇದು.

## ಐದು ಸ್ವರ ಬಂತು ಅಂದಮಾತ್ರಕ್ಕೆ ಚೀನೀ ಸಂಗೀತ ಆಗುವುದಿಲ್ಲ

ಐದು ಸ್ವರದ ಸಂಗೀತ ಸ್ಕಾಟ್ಲೆಂಡಿನಲ್ಲಿದೆ, ಆಫ್ರಿಕಾದಲ್ಲಿದೆ, ಹಂಗೇರಿಯ ಜನಪದದಲ್ಲಿದೆ, ನಮ್ಮಲ್ಲಂತೂ ಇದ್ದೇ ಇದೆ. ಚೀನಾದೊಳಗೂ ಎಲ್ಲವೂ ಐದು ಸ್ವರದ್ದಲ್ಲ. ಏಳು ಸ್ವರದ ಮಟ್ಟುಗಳೂ ಇವೆ. ಪಶ್ಚಿಮದ ಕ್ಸಿನ್‌ಜಿಯಾಂಗ್‌ನ ಉಯ್ಘರ್ ಜನರ ಮುಕಾಮ್ ಸಂಗೀತ ಕೇಳಿದರೆ ಮಧ್ಯ ಏಷ್ಯಾದ ಸಂಗೀತಕ್ಕೆ ಹತ್ತಿರ ಅನ್ನಿಸುತ್ತದೆ.

ಇನ್ನೊಂದು ಎಚ್ಚರಿಕೆ. ಕಾರ್ಟೂನು, ಹಳೆಯ ಸಿನಿಮಾಗಳಲ್ಲಿ ಚೀನೀ ಪಾತ್ರ ಬಂದ ಕೂಡಲೇ ಟಿಣ್ ಟಿಣ್ ಅಂತ ಒಂದು ಚಿಕ್ಕ ಮಟ್ಟು ಬರುತ್ತದಲ್ಲ, ಅದು ಹುಟ್ಟಿದ್ದು ಚೀನಾದಲ್ಲಿ ಅಲ್ಲ. ಪಾಶ್ಚಾತ್ಯ ರಂಗಭೂಮಿ ಮತ್ತು ಸಿನಿಮಾ ಚೀನಾವನ್ನು ಹಾಗೆ ಕಲ್ಪಿಸಿಕೊಂಡು ಬೆಳೆಸಿದ್ದು. ಮಕ್ಕಳು ಅದನ್ನು ಎಲ್ಲೋ ಕೇಳಿರುತ್ತಾರೆ, ಬೇಗ ನುಡಿಸಿಬಿಡುತ್ತಾರೆ. ಬೈಯುವ ಅಗತ್ಯ ಇಲ್ಲ. ಅದು ಎಲ್ಲಿಂದ ಬಂತು ಅಂತ ಹೇಳಿ, ನಿಜವಾದ ಅರ್ಹು ಅಥವಾ ಪೀಪಾ ವಾದನ ಕೇಳಿಸಿದರೆ ಸಾಕು. ಅರ್ಹು ಎರಡೇ ತಂತಿಯ, ಕಮಾನಿನಿಂದ ನುಡಿಸುವ ವಾದ್ಯ. ಪೀಪಾ ನಾಲ್ಕು ತಂತಿಯದು, ಬೆರಳಿನಿಂದ ಮೀಟುವಂಥದ್ದು. ತರಗತಿಯಲ್ಲಿ ಅದೇ ಊರಿನ ಚೀನೀ ಮನೆಯ ಮಗು ಕೂತಿರಬಹುದು ಅನ್ನುವುದನ್ನು ಟೀಚರ್ ಮರೆಯಬಾರದು.

ಹಾಗಾದರೆ ಮಕ್ಕಳ ರಚನೆಗೆ ಚೀನೀ ಪರಂಪರೆಯ ಬಣ್ಣ ನಿಜವಾಗಿ ಬರುವುದು ಎಲ್ಲಿಂದ? ಸಂಗೀತ ಕಟ್ಟುವ ರೀತಿಯಿಂದ. ಮುಂದೆ ಬರುವುದೆಲ್ಲ ಅದೇ.

## ಬಾಯಲ್ಲಿ ಶುರುವಾಗುವ ತಾಳ

ಬೀಜಿಂಗ್ ಒಪೆರಾದಲ್ಲಿ, ಅಂದರೆ ಹಾಡು-ಅಭಿನಯ ಸೇರಿದ ಚೀನೀ ರಂಗಕಲೆಯಲ್ಲಿ, ಚರ್ಮವಾದ್ಯ, ತಾಳ, ಜಾಗಟೆಗಳ ಮೇಳಕ್ಕೆ ಲ್ವೋಗು ಅನ್ನುತ್ತಾರೆ. ಅದನ್ನು ಕಲಿಯುವವರು ಮೊದಲು ಬಾಯಲ್ಲಿ ಹೇಳಿ ಕಲಿಯುತ್ತಾರೆ. ದೊಡ್ಡ ಜಾಗಟೆ ಸೇರಿ ಎಲ್ಲ ಒಟ್ಟಿಗೆ ಮೊಳಗಿದರೆ 'ತ್ಸಾಂಗ್'. ತಾಳದ ಬಿಲ್ಲೆಗಳು ಮಾತ್ರ ಬಂದರೆ 'ತ್ಸೈ'. ಚಿಕ್ಕ ಜಾಗಟೆಗೆ 'ತೈ'. ಡ್ರಮ್ಮಿನ ಒಂದು ಪೆಟ್ಟಿಗೆ 'ದಾ'. ಮೃದಂಗದ ಸೊಲ್ಲುಕಟ್ಟು, ಯಕ್ಷಗಾನದ ಮದ್ದಳೆ-ಚೆಂಡೆಯ ಬಾಯಿತಾಳ ಗೊತ್ತಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ತರಗತಿಯಲ್ಲಿ ಇದು ತುಂಬಾ ಕೆಲಸಕ್ಕೆ ಬರುತ್ತದೆ. ವಾದ್ಯ ಹಂಚುವ ಮೊದಲೇ ಮಕ್ಕಳು ಬಾಯಲ್ಲಿ ತಾಳ ಕಟ್ಟುತ್ತಾರೆ. 'ದಾ ದಾ ತ್ಸಾಂಗ್, ತ್ಸೈ ತೈ ತ್ಸಾಂಗ್' ಅಂತ ಒಂದು ಗುಂಪು ಹೇಳಿದರೆ, ಇನ್ನೊಂದು ಗುಂಪು ಅದನ್ನೇ ತಿರುವಿ ಹೇಳುತ್ತದೆ. ಬಾಯಿಗೆ ಕೂತದ್ದು ಆಮೇಲೆ ಕೈಗೆ ಸುಲಭವಾಗಿ ಇಳಿಯುತ್ತದೆ. ಶಾಲೆಯಲ್ಲಿ ಜಾಗಟೆ ಇಲ್ಲದಿದ್ದರೆ ಸ್ಟೀಲಿನ ತಟ್ಟೆ, ಮುಚ್ಚಳ ನಡೆಯುತ್ತದೆ.

ಮಕ್ಕಳ ಕಿವಿಗೆ ಕೊಡಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಬೀಜಿಂಗ್ ಒಪೆರಾದ ದೊಡ್ಡ ಜಾಗಟೆ ಹೊಡೆದ ಮೇಲೆ ಅದರ ನಾದ ಕೆಳಗೆ ಜಾರುತ್ತದೆ. ಚಿಕ್ಕದು ಮೇಲಕ್ಕೆ ಏರುತ್ತದೆ. ಒಂದು ಸಲ ಇದನ್ನು ಗುರುತಿಸಿದ ಮಗು ಆಮೇಲೆ ಯಾವ ಜಾಗಟೆಯನ್ನೂ ಬರೀ ಸದ್ದು ಅಂತ ಕೇಳುವುದಿಲ್ಲ. ಇನ್ನು ಇಡೀ ಮೇಳವನ್ನು ನಡೆಸುವುದು ಡ್ರಮ್ ನುಡಿಸುವವರು. ವೇದಿಕೆಯ ಮೇಲೆ ನಟ ಒಂದು ಹೆಜ್ಜೆ ಇಟ್ಟರೂ ಅವರ ಕಣ್ಣು ಅಲ್ಲೇ ಇರುತ್ತದೆ. ಹಾಗಾಗಿ ತರಗತಿಯಲ್ಲಿ ಒಂದು ಮಗು ನಿಧಾನವಾಗಿ ನಡೆಯುವುದು, ತಟ್ಟನೆ ತಿರುಗುವುದು, ನಿಲ್ಲುವುದು, ಉಳಿದವರು ಅದನ್ನು ನೋಡಿ ತಾಳ ಕೊಡುವುದು ಒಳ್ಳೆಯ ಚಟುವಟಿಕೆ.

## 1, 3, 5, 7

ದಕ್ಷಿಣ ಜಿಯಾಂಗ್ಸು ಪ್ರಾಂತ್ಯದಲ್ಲಿ, ಅಂದರೆ ವುಕ್ಸಿ, ಸುಝೌ ಕಡೆ, ಶಿಫಾನ್ ಲ್ವೋಗು ಅನ್ನುವ ಮೇಳ ಪ್ರಸಿದ್ಧ. ಅದರಲ್ಲಿ ತಾಳದ ತುಣುಕುಗಳು 1, 3, 5, 7 ಹೊಡೆತದ ಉದ್ದದಲ್ಲಿ ಬರುತ್ತವೆ. ಈ ನಾಲ್ಕು ತುಣುಕುಗಳನ್ನೇ ಬೇರೆ ಬೇರೆ ಥರ ಜೋಡಿಸಿ ದೊಡ್ಡ ರಚನೆ ಕಟ್ಟುತ್ತಾರೆ. 1, 3, 5, 7 ಅಂತ ಬೆಳೆಯುತ್ತಾ ಹೋದರೆ ಗೋಪುರ. 1, 3, 5, 7, 5, 3, 1 ಅಂತ ಉಬ್ಬಿ ಇಳಿದರೆ ಚಿನ್ನದ ಆಲಿವ್. ಒಂದರ ಹಿಂದೆ ಒಂದು ಬರುವ ಎರಡು ತುಣುಕು ಸೇರಿ ಯಾವಾಗಲೂ 8 ಆಗಬೇಕು ಅನ್ನುವ ಇನ್ನೊಂದು ಜೋಡಣೆ ಇದೆ: 1 ಮತ್ತು 7, 3 ಮತ್ತು 5, 5 ಮತ್ತು 3, 7 ಮತ್ತು 1.

ಕರ್ನಾಟಕ ಸಂಗೀತದ ಯತಿ, ಅಂದರೆ ತುಣುಕುಗಳ ಉದ್ದ ಬದಲಾಗುತ್ತಾ ಮೂಡುವ ಆಕಾರ, ಗೊತ್ತಿದ್ದವರು ಇಲ್ಲಿ ನಿಂತು ಯೋಚಿಸುತ್ತಾರೆ. ಬೆಳೆಯುತ್ತಾ ಹೋಗುವುದು ಸ್ರೋತೋವಹ ಯತಿ. ಉಬ್ಬಿ ಇಳಿಯುವುದು ಮೃದಂಗ ಯತಿ. ಇಳಿಯುತ್ತಾ ಹೋದರೆ ಗೋಪುಚ್ಛ. ಅಲ್ಲಿ ಆಲಿವ್ ಹಣ್ಣು, ಇಲ್ಲಿ ಮೃದಂಗ, ಆಕಾರ ಮಾತ್ರ ಅದೇ.

ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಚೌಕಟ್ಟು ನನಗೆ ಗೊತ್ತಿಲ್ಲ. 'ಒಂದು ಚೀನೀ ತಾಳ ಮಾಡಿ' ಅಂದರೆ ಮಕ್ಕಳು ಗೊಂದಲ ಮಾಡಿಕೊಂಡು ಎಲ್ಲರೂ ಜೋರಾಗಿ ಬಡಿಯುತ್ತಾರೆ. 'ನಿಮ್ಮ ಹತ್ತಿರ 1, 3, 5, 7 ಇದೆ, ಒಂದು ಆಕಾರ ಮಾಡಿ' ಅಂದರೆ ತಲೆ ಓಡುತ್ತದೆ. ಒಂದು ಗುಂಪು ಬೆಟ್ಟ ಮಾಡುತ್ತದೆ, ಇನ್ನೊಂದು ಕಣಿವೆ ಮಾಡುತ್ತದೆ. ಕಾಗದದ ಮೇಲೆ ಚೌಕಗಳನ್ನು ಬಣ್ಣ ಮಾಡಿದರೆ ಆಕಾರ ಕಣ್ಣಿಗೂ ಕಾಣುತ್ತದೆ, ತಪ್ಪಿದ ಹೊಡೆತ ಎಲ್ಲಿದೆ ಅಂತ ತಾವೇ ಹುಡುಕಿಕೊಳ್ಳುತ್ತಾರೆ.

## ಒಂದೇ ಮಟ್ಟು, ನುಡಿಸುವುದು ಅವರವರ ಥರ

ಶಾಂಘೈ ಸುತ್ತಮುತ್ತ ಟೀ ಅಂಗಡಿಗಳಲ್ಲಿ ಜನ ಸೇರಿ ನುಡಿಸುವ ಜಿಯಾಂಗ್‌ನಾನ್ ಸಿಝು ಅನ್ನುವ ಸಂಗೀತ ಇದೆ. ರೇಷ್ಮೆ ಮತ್ತು ಬಿದಿರಿನ ಸಂಗೀತ, ಅಂದರೆ ತಂತಿವಾದ್ಯ ಮತ್ತು ಕೊಳಲು. ಹಿಂದೆ ತಂತಿಗಳನ್ನು ರೇಷ್ಮೆಯಿಂದಲೇ ಮಾಡುತ್ತಿದ್ದರು. ಇಲ್ಲಿ ಎಲ್ಲರೂ ನುಡಿಸುವುದು ಒಂದೇ ಮಟ್ಟು. ಆದರೆ ಕೊಳಲಿನವರು ಅದಕ್ಕೆ ಸುಳಿ ಹಾಕುತ್ತಾರೆ, ಅರ್ಹು ಜಾರುತ್ತದೆ, ಪೀಪಾ ಒಂದೊಂದು ಸ್ವರವನ್ನೂ ಪಟಪಟನೆ ಒಡೆಯುತ್ತದೆ. ವಾದಕರಲ್ಲಿ ಒಂದು ನಿಯಮ ಇದೆ: ನೀನು ಜಾಸ್ತಿ ನುಡಿಸಿದರೆ ನಾನು ಕಡಿಮೆ, ನೀನು ಮೇಲೆ ಹೋದರೆ ನಾನು ಕೆಳಗೆ.

ಇನ್ನೊಂದು ಉಪಾಯಕ್ಕೆ ನಿಧಾನ ಮಾಡಿ ಹೂ ಸೇರಿಸುವುದು ಅನ್ನುತ್ತಾರೆ. ಹಳೆಯ ಒಂದು ಪುಟ್ಟ ಮಟ್ಟನ್ನು ಎರಡು ಪಟ್ಟು ನಿಧಾನ ಮಾಡುತ್ತಾರೆ. ಸ್ವರಗಳ ನಡುವೆ ಜಾಗ ಆಗುತ್ತದೆ. ಆ ಜಾಗದಲ್ಲಿ ಹೊಸ ಸ್ವರಗಳು ಬರುತ್ತವೆ. ಮತ್ತೆ ನಿಧಾನ, ಮತ್ತೆ ಹೂವು. ಕೊನೆಗೆ ಮೂಲ ಮಟ್ಟು ಒಳಗೇ ಇರುತ್ತದೆ, ಆದರೆ ಗುರುತು ಹಿಡಿಯಲು ಕಿವಿ ಬೇಕು.

ಮಕ್ಕಳಿಗೆ ಇದು ಹೀಗೆ. ಇಡೀ ತರಗತಿ ಸೇರಿ ಎಂಟು ಸ್ವರದ ಒಂದು ಮಟ್ಟು ತೀರ್ಮಾನಿಸುತ್ತದೆ. ಇವತ್ತಷ್ಟೇ ಸುತ್ತಿಗೆ ಹಿಡಿದ ಮಗು ಅದನ್ನು ಹಾಗೇ ನುಡಿಸುತ್ತದೆ. ಪಿಟೀಲು ಕಲಿಯುವ ಮಗು ಎರಡು ಸ್ವರಗಳ ನಡುವೆ ಹೂವು ಸೇರಿಸುತ್ತದೆ. ಇನ್ನೊಬ್ಬರು ಮನೆ ಸ್ವರವನ್ನಷ್ಟೇ ಶ್ರುತಿಯಂತೆ ಹಿಡಿದಿರುತ್ತಾರೆ. ಮೂವರೂ ಒಟ್ಟಿಗೆ ನುಡಿಸಬಹುದು, ಯಾರೂ ಹಿಂದುಳಿದವರಂತೆ ಕೂರಬೇಕಾಗಿಲ್ಲ. ಮೂವತ್ತು ಮಕ್ಕಳು ಮೂವತ್ತು ಮಟ್ಟದಲ್ಲಿರುವ ಶಾಲೆಯ ತರಗತಿಗೆ ಇದಕ್ಕಿಂತ ಏನು ಬೇಕು ಅಲ್ವಾ?

## ಎಂಟು ವಸ್ತು, ಒಂದು ಚಿತ್ರ

ಹಳೆಯ ಚೀನಾದಲ್ಲಿ ವಾದ್ಯಗಳನ್ನು ಯಾವ ವಸ್ತುವಿನಿಂದ ಮಾಡಿದ್ದು ಅನ್ನುವುದರ ಮೇಲೆ ಎಂಟು ಗುಂಪು ಮಾಡಿದ್ದರು: ಲೋಹ, ಕಲ್ಲು, ರೇಷ್ಮೆ, ಬಿದಿರು, ಸೋರೆ, ಮಣ್ಣು, ಚರ್ಮ, ಮರ. ಲೋಹಕ್ಕೆ ದೊಡ್ಡ ಉದಾಹರಣೆ ಹುಬೈ ಪ್ರಾಂತ್ಯದ ಸುಯಿಝೌನಲ್ಲಿ 1978ರಲ್ಲಿ ಅಗೆದಾಗ ಸಿಕ್ಕ ಕಂಚಿನ ಗಂಟೆಗಳು. ಕ್ರಿಸ್ತಪೂರ್ವ 5ನೇ ಶತಮಾನದ ಒಬ್ಬ ಅರಸನ ಸಮಾಧಿಯಲ್ಲಿದ್ದ 65 ಗಂಟೆಗಳು ಅವು. ಅವುಗಳಲ್ಲಿ ಬಹುಪಾಲು ಗಂಟೆಗಳು ನಡುವೆ ಹೊಡೆದರೆ ಒಂದು ಸ್ವರ, ಬದಿಗೆ ಹೊಡೆದರೆ ಇನ್ನೊಂದು ಸ್ವರ ಕೊಡುತ್ತವೆ. ಈಗ ಅವು ವುಹಾನ್‌ನ ಮ್ಯೂಸಿಯಮ್ಮಿನಲ್ಲಿವೆ.

ಮಕ್ಕಳು ತರಗತಿಯಲ್ಲೇ ಈ ಎಂಟರ ಬೇಟೆ ಮಾಡಬಹುದು. ಕಲ್ಲಿಗೆ ಕಲ್ಲು ತಾಗಿಸಿದರೆ ಹೇಗೆ, ಮಣ್ಣಿನ ಕುಂಡ ತಟ್ಟಿದರೆ ಹೇಗೆ, ಬಾಟಲಿಯ ಬಾಯಿಗೆ ಊದಿದರೆ ಹೇಗೆ. ಹುನಾನ್ ಮೂಲದ ಸಂಗೀತಗಾರ ತಾನ್ ದುನ್ ತಮ್ಮ ರಚನೆಗಳಲ್ಲಿ ನೀರು, ಕಾಗದ, ಮಣ್ಣಿನ ವಾದ್ಯಗಳನ್ನು ಆರ್ಕೆಸ್ಟ್ರಾದ ಜೊತೆಗೆ ಕೂರಿಸಿದ್ದಾರೆ. ಅವರ ಒಂದು ವಿಡಿಯೋ ತೋರಿಸಿದರೆ ಮಕ್ಕಳು ಕಾಗದ ಹರಿಯುವುದನ್ನೂ ಸಂಗೀತ ಅಂತ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಇನ್ನು ಚಿತ್ರ. ಚೀನೀ ರಚನೆಗಳ ಹೆಸರುಗಳಲ್ಲಿ ಬೆಟ್ಟ, ನೀರು, ಬೆಳದಿಂಗಳು, ಹಕ್ಕಿ ತುಂಬಿರುತ್ತವೆ. 1977ರಲ್ಲಿ ಅಂತರಿಕ್ಷಕ್ಕೆ ಹೋದ ವಾಯೇಜರ್ ನೌಕೆಯಲ್ಲಿರುವ, ಭೂಮಿಯ ಸದ್ದು-ಸಂಗೀತ ದಾಖಲಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಏಳು ತಂತಿಯ ಗುಚಿನ್ ವಾದ್ಯದಲ್ಲಿ ನುಡಿಸಿದ ಹರಿಯುವ ನೀರಿನ ರಚನೆ ಇದೆ. ಅದೇ ತಟ್ಟೆಯಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಹಾಡೂ ಇದೆ. ಮಕ್ಕಳಿಗೆ 'ಮಂಜು ಬಿದ್ದ ಕೆರೆ' ಅಥವಾ 'ಓಡುವ ಕುದುರೆ' ಅಂತ ಒಂದು ಹೆಸರು ಮೊದಲೇ ಆರಿಸಲು ಹೇಳಿದರೆ, ಆಮೇಲೆ ಪ್ರತಿ ಸ್ವರಕ್ಕೂ ಒಂದು ಕಾರಣ ಇರುತ್ತದೆ. ಕುದುರೆಗೆ ಉದ್ದ ಸ್ವರ ಯಾಕೆ ಹಾಕಿದೆ ಅಂತ ಕೇಳಿದರೆ ಉತ್ತರ ಸಿಗುತ್ತದೆ.

ರಚನೆಯ ಒಟ್ಟು ನಡಿಗೆಗೂ ಚೀನೀ ಕಾವ್ಯದಿಂದ ಬಂದ ನಾಲ್ಕು ಹೆಜ್ಜೆ ಇದೆ: ಶುರು, ಮುಂದುವರಿಕೆ, ತಿರುವು, ಮುಕ್ತಾಯ. ಮೊದಲ ಸಾಲು ಮಟ್ಟನ್ನು ತರುತ್ತದೆ, ಎರಡನೆಯದು ಅದನ್ನೇ ಸ್ವಲ್ಪ ಬೆಳೆಸುತ್ತದೆ, ಮೂರನೆಯದು ಬೇರೆ ಕಡೆ ಹೊರಳುತ್ತದೆ, ನಾಲ್ಕನೆಯದು ಮನೆಗೆ ಕರೆತರುತ್ತದೆ. ಮಕ್ಕಳ ರಚನೆ ಸಾಮಾನ್ಯವಾಗಿ ಎಡವುವುದು ಮೂರನೇ ಸಾಲಿನಲ್ಲಿ. ಮೊದಲನೆಯದನ್ನೇ ಮತ್ತೆ ನುಡಿಸಿಬಿಡುತ್ತಾರೆ. ಅಲ್ಲಿ ಒಂದು ಜಾಗಟೆ ಪೆಟ್ಟು, ಅಥವಾ ಒಮ್ಮೆಲೇ ಮೌನ, ಅಥವಾ ಮೇಲಿನ ಸ್ವರಗಳಿಗೆ ಹಾರುವುದು ಕೆಲಸ ಮಾಡುತ್ತದೆ.

## ಬರೆದಿಡುವುದು ಹೇಗೆ

ಚೀನಾದ ಶಾಲೆಗಳಲ್ಲಿ ಜ್ಯಾನ್‌ಪು ಅನ್ನುವ ಅಂಕಿ ಲಿಪಿ ಬಳಸುತ್ತಾರೆ. ಸ-ಕ್ಕೆ 1, ರಿ-ಗೆ 2, ಗ-ಕ್ಕೆ 3, ಪ-ಕ್ಕೆ 5, ದ-ಕ್ಕೆ 6. ಮೇಲಿನ ಸ್ಥಾಯಿಗೆ ಅಂಕಿಯ ಮೇಲೆ ಚುಕ್ಕಿ, ಕೆಳಗಿನದಕ್ಕೆ ಕೆಳಗೆ ಚುಕ್ಕಿ. ಕನ್ನಡದ ಸ್ವರಲಿಪಿಯಲ್ಲೂ ಚುಕ್ಕಿಯ ಪದ್ಧತಿ ಇದೇ. ಆದ್ದರಿಂದ ಮನೆಯಲ್ಲಿ ಸರಿಗಮ ಬರೆದು ಅಭ್ಯಾಸ ಇರುವ ಮಗುವಿಗೆ ಇದು ಹತ್ತು ನಿಮಿಷದ ಕೆಲಸ.

ಗುಚಿನ್‌ಗೆ ಇನ್ನೊಂದು ಬಗೆಯ ಹಳೆಯ ಲಿಪಿ ಇದೆ. ಅದು ಯಾವ ತಂತಿ, ಯಾವ ಬೆರಳು, ಎಲ್ಲಿ ಒತ್ತಬೇಕು ಅಂತ ಹೇಳುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಅಂತ ಹೇಳುವುದಿಲ್ಲ. ಅದನ್ನು ವಾದಕರೇ ಕಂಡುಕೊಳ್ಳಬೇಕು. ಬರೆಯಲು ಹಿಂಜರಿಯುವ ಮಕ್ಕಳಿಗೆ ಈ ದಾರಿ ಕೊಡಬಹುದು. ಏನು ಮಾಡಬೇಕು ಅಂತ ಚಿತ್ರದಲ್ಲಿ ಬರೆಯಲಿ, ಇನ್ನೊಂದು ಗುಂಪು ಅದನ್ನು ಓದಿ ನುಡಿಸಲಿ. ಎರಡು ಗುಂಪಿನ ಸಂಗೀತ ಬೇರೆ ಬೇರೆ ಬಂದರೆ ಅದರ ಬಗ್ಗೆಯೇ ಮಾತಾಡಬಹುದು.

## ಮನೆಯಲ್ಲಿ ಮಾಡಿ ನೋಡಬೇಕೆಂದರೆ

ವಾದ್ಯ ಕೊಳ್ಳುವ ಅಗತ್ಯ ಇಲ್ಲ. ಕೀಬೋರ್ಡ್ ಇದ್ದರೆ ಕಪ್ಪು ಕೀಗಳಷ್ಟೇ ನುಡಿಸಿ, ಅವು ಐದು ಸ್ವರಗಳೇ. ಕೀಬೋರ್ಡ್ ಇಲ್ಲದಿದ್ದರೆ ಮಿಲ್ಕ್‌ಶೇಕಿನ ದಪ್ಪ ಸ್ಟ್ರಾ ಐದು ತೆಗೆದುಕೊಳ್ಳಿ. 108, 96, 81, 72, 64 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಒಂದು ತುದಿಯನ್ನು ಜೇಡಿಮಣ್ಣಿನಿಂದ ಅಥವಾ ಟೇಪಿನಿಂದ ಗಾಳಿ ಹೋಗದಂತೆ ಮುಚ್ಚಿ. ಇನ್ನೊಂದು ತುದಿಯ ಅಂಚಿಗೆ, ಬಾಟಲಿಗೆ ಊದುವ ಹಾಗೆ, ಅಡ್ಡಲಾಗಿ ಊದಿ. ಲೆಕ್ಕ ತಂತಿಗೆ ಕೂರುವಷ್ಟು ಕರಾರುವಾಕ್ಕಾಗಿ ಸ್ಟ್ರಾಗೆ ಕೂರುವುದಿಲ್ಲ. ಹಾಗಾಗಿ ಕಿವಿಯಿಂದ ಸರಿಮಾಡಿಕೊಳ್ಳಬೇಕು. ಸ್ವರ ಸ್ವಲ್ಪ ತಗ್ಗಿದ್ದರೆ ಒಂದೆರಡು ಮಿಲಿಮೀಟರ್ ಕತ್ತರಿಸಿ. ಜಾಸ್ತಿ ಏರಿದ್ದರೆ ಹೊಸ ಸ್ಟ್ರಾ ತೆಗೆದುಕೊಂಡು ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ. ಕತ್ತರಿಸುವ ಕೆಲಸ ನೀವು ಮಾಡಿ, ಸ್ವರ ಸರಿ ಇದೆಯಾ ಅಂತ ಹೇಳುವ ಕೆಲಸ ಮಗುವಿಗೆ ಬಿಡಿ.